ಗಣಿಗೆ ಹೋಗುವ ಹೊಲ ಶ್ರೇಷ್ಠ ಕೃಷಿಭೂಮಿಯೇ?

ಕೇಳುಗರಿಗೆ ನಮಸ್ಕಾರ. ಅಮೆರಿಕದ ಇಲಿನಾಯ್, ಇಂಡಿಯಾನಾ ರಾಜ್ಯಗಳಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುವ ಎಷ್ಟೋ ಹೊಲಗಳ ಅಡಿಯಲ್ಲಿ ಕಲ್ಲಿದ್ದಲಿದೆ. ಅಲ್ಲಿ ತೆರೆದ ಗಣಿ ತೋಡಲು ಅರ್ಜಿ ಹಾಕುವವರಿಗೆ 1977ರ ಗಣಿ ನಿಯಂತ್ರಣ ಕಾಯ್ದೆ ಮೊದಲೇ ಕೇಳುತ್ತದೆ: ಈ ನೆಲ ‘ಶ್ರೇಷ್ಠ ಕೃಷಿಭೂಮಿ’ಯೇ? ಹೌದಾದರೆ ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಬೇರೆಬೇರೆ ತೆಗೆದಿಟ್ಟು, ಸಾಮಾನ್ಯವಾಗಿ 48 ಅಂಗುಲ ದಪ್ಪಕ್ಕೆ ಮರಳಿ ಹರಡಿ, ಬೆಳೆ ಇಳುವರಿಯಲ್ಲೇ ಯಶಸ್ಸು ತೋರಿಸಬೇಕು. ಹಾಗಾಗಿ ಈ ತೀರ್ಮಾನ ಸರಿಯಾಗಿರಲೇಬೇಕು.

ಮಣ್ಣೂ ಒಪ್ಪಬೇಕು, ಸಾಗುವಳಿಯ ಚರಿತ್ರೆಯೂ ಒಪ್ಪಬೇಕು. ಒಂದೇ ಇದ್ದರೆ ಸಾಲದು.

ಮಣ್ಣಿಗೆ ಕೇಂದ್ರ ಕೃಷಿ ಇಲಾಖೆಯ ಸಮೀಕ್ಷಾ ನಕ್ಷೆ ಆಧಾರ. ಅದರ ಮೇಲೆ ಗಣಿಯ ಗಡಿ ಎಳೆದು, ಒಳಗೆ ಬರುವ ಒಂದೊಂದು ಮಣ್ಣಿನ ವರ್ಗವನ್ನೂ ಶ್ರೇಷ್ಠ ಕೃಷಿಭೂಮಿಯ ಮಣ್ಣುಗಳ ಪಟ್ಟಿಯಲ್ಲಿ ನೋಡಬೇಕು. ಅಳತೆಗಳು ಖಚಿತವಾಗಿವೆ: 40 ಅಂಗುಲದೊಳಗೆ ಮಣ್ಣಿನ ಪಿಎಚ್ 4.5ರಿಂದ 8.4, ಬೆಳೆಗಾಲದಲ್ಲಿ ನೆರೆ ಬರುವುದಾದರೆ ಎರಡು ವರ್ಷಕ್ಕೊಮ್ಮೆಗಿಂತ ಅಪರೂಪ, ಮೂರು ಅಂಗುಲಕ್ಕಿಂತ ದೊಡ್ಡ ಕಲ್ಲು ಮೇಲ್ಪದರದಲ್ಲಿ ಶೇ. 10ಕ್ಕಿಂತ ಕಡಿಮೆ. ಕೊಚ್ಚಣೆಗೆ ಒಂದು ಲೆಕ್ಕವಿದೆ. ಮಣ್ಣಿನ ಕೊಚ್ಚಣೆ ಅಂಶವನ್ನು, ಎಂದರೆ ಅದು ನೀರಿಗೆ ಎಷ್ಟು ಸುಲಭವಾಗಿ ಕೊಚ್ಚಿಹೋಗುತ್ತದೆ ಎಂಬ ಅಂಕಿಯನ್ನು, ಶೇಕಡಾ ಇಳಿಜಾರಿನಿಂದ ಗುಣಿಸಿದರೆ 2ಕ್ಕಿಂತ ಕಡಿಮೆ ಬರಬೇಕು. ಅಂಶ 0.37 ಇರುವ ಮಣ್ಣು ಶೇ. 5ರ ಇಳಿಜಾರಿನಲ್ಲಿ 1.85 ಬಂದು ಉಳಿಯುತ್ತದೆ, ಶೇ. 6ರಲ್ಲಿ 2.22 ಆಗಿ ಹೊರಬೀಳುತ್ತದೆ.

ಕೆಲವು ವರ್ಗಗಳ ಮುಂದೆ ‘ನೀರು ಬಸಿಯುವಂತೆ ಮಾಡಿದ್ದರೆ ಮಾತ್ರ’ ಎಂಬ ಷರತ್ತಿರುತ್ತದೆ. ಬಸಿಯುವ ಕೊಳವೆಗಳು ನೆಲದೊಳಗೆ ಹೂತಿರುವುದರಿಂದ ಹೊಲದ ನಡುವೆ ಏನೂ ಕಾಣದು. ಹಳ್ಳದ ದಂಡೆಗುಂಟ ನಡೆದು ಕೊಳವೆಯ ಬಾಯಿ ಹುಡುಕಬೇಕು.

ಹೆಚ್ಚು ಎಡವುವುದು ಚರಿತ್ರೆಯಲ್ಲಿ. ಹತ್ತು ವರ್ಷಗಳಲ್ಲಿ ಯಾವುದೇ ಐದು ವರ್ಷ ಬೆಳೆ ತೆಗೆದಿರಬೇಕು. ಆದರೆ ಆ ಹತ್ತು ವರ್ಷವನ್ನು ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸಬಾರದು. ಗಣಿಗಾಗಿ ನೆಲ ಕೈಸೇರಿದ ದಿನದಿಂದ ಹಿಂದಕ್ಕೆ ಎಣಿಸಬೇಕು. ಕ್ರಯವಷ್ಟೇ ಅಲ್ಲ, ಗುತ್ತಿಗೆಯೂ ಮುಂದೆ ಕೊಳ್ಳುವ ಹಕ್ಕಿನ ಕರಾರೂ ‘ಕೈಸೇರಿದ’ ಲೆಕ್ಕಕ್ಕೇ ಬರುತ್ತವೆ. ಇಲ್ಲದಿದ್ದರೆ ಕಂಪನಿ ಹೊಲ ಕೊಂಡು, ಆರು ವರ್ಷ ಬೀಳು ಬಿಟ್ಟು, ‘ಇಲ್ಲಿ ಸಾಗುವಳಿಯೇ ಇರಲಿಲ್ಲ’ ಎನ್ನಬಹುದಿತ್ತು. ಕಾಯ್ದೆಯ ಈ ಬಿಗಿ ನ್ಯಾಯವಾದದ್ದು. ಅದಕ್ಕೇ ಮೊದಲು ಪತ್ರಗಳ ತಾರೀಖು ನೋಡಿ, ಆಮೇಲೆ ವರ್ಷ ಎಣಿಸಿ. ಫಲವತ್ತತೆಗೆ ಸಂಬಂಧವಿಲ್ಲದ ಒಡೆತನದ ಕಾರಣಕ್ಕೆ ಮಾತ್ರ ಉಳುಮೆ ನಿಂತಿದ್ದರೂ ಆ ಭೂಮಿ ಶ್ರೇಷ್ಠವೆಂದು ಉಳಿಯಬಹುದು.

ಕೊಯ್ದು ಒಣಗಿಸುವ ಹುಲ್ಲು ಬೆಳೆಯೇ. ದನ ಮೇಯಿಸುವ ಹುಲ್ಲುಗಾವಲು ಬೆಳೆಯಲ್ಲ. ಆಕಾಶದಿಂದ ತೆಗೆದ ಚಿತ್ರದಲ್ಲಿ ಎರಡೂ ಒಂದೇ ಹಸಿರು. ಆದ್ದರಿಂದ ಚಿತ್ರದ ಜೊತೆಗೆ ರೈತರು ಸರ್ಕಾರಕ್ಕೆ ಕೊಟ್ಟ ಬೆಳೆ ವಿವರಗಳನ್ನೂ, ಗೇಣಿದಾರರ ಹೇಳಿಕೆಗಳನ್ನೂ ತಾಳೆ ನೋಡಬೇಕು.

ಇಡೀ ಗಣಿಗೆ ಸರಾಸರಿ ತೆಗೆದು ಒಂದೇ ಉತ್ತರ ಬರೆಯಬೇಡಿ. ಒಂದು ಹೊಲ ಹೊರಬಿದ್ದರೂ ಪಕ್ಕದ್ದು ಶ್ರೇಷ್ಠವಾಗಿರಬಹುದು. ನಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಗುರುತಿಸಿ, ಪ್ರತಿಯೊಂದಕ್ಕೂ ಅದರದೇ ದಾಖಲೆ ಲಗತ್ತಿಸಿ.