ಇಸಿಜಿ ನಾರ್ಮಲ್, ಆದರೂ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುವುದೇಕೆ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: "ನಮ್ಮ ಅಪ್ಪನಿಗೆ ಎರಡು ಮಹಡಿ ಹತ್ತಿದರೆ ಎದೆ ಬಿಗಿ ಹಿಡಿದ ಹಾಗಾಗುತ್ತೆ. ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತೆ. ಇಸಿಜಿ ಮಾಡಿಸಿದ್ವಿ, ನಾರ್ಮಲ್ ಬಂತು. ಗ್ಯಾಸ್ಟ್ರಿಕ್ ಅಂತ ಬಿಟ್ಟುಬಿಡಬಹುದಾ?"

ದಯವಿಟ್ಟು ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಹೃದಯದ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುವುದಕ್ಕೆ ನಾವು ಬ್ಲಾಕ್ ಅನ್ನುತ್ತೇವೆ. ಬೀಡಿ, ಸಿಗರೇಟು, ಶುಗರ್, ಬಿಪಿ, ಕೊಲೆಸ್ಟ್ರಾಲ್, ವಯಸ್ಸು, ಮನೆತನ. ಕಾರಣಗಳು ನಿಮಗೆ ಗೊತ್ತಿರುವುವೇ. ಮುಂದಕ್ಕೆ ಹೋಗೋಣ.

[ಸ್ಕ್ರೀನ್ ಮೇಲೆ: ಹೃದಯ, ಅದರ ಮೇಲ್ಮೈಯಲ್ಲಿ ಕವಲೊಡೆದ ನಾಳಗಳು]

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಅಷ್ಟು ರಕ್ತ ಒಳಗೇ ಹಾದುಹೋದರೂ ಅದರ ದಪ್ಪ ಮಾಂಸಕ್ಕೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ತನ್ನ ಪಾಲಿನ ರಕ್ತವನ್ನು ಅದು ಮಹಾಪಧಮನಿಯ (ಹೃದಯದಿಂದ ಮೈಗೆ ರಕ್ತ ಒಯ್ಯುವ ದೊಡ್ಡ ನಾಳ) ಬುಡದಲ್ಲಿ ಹೊರಡುವ ಎರಡು ನಾಳಗಳಿಂದಲೇ ಪಡೆಯಬೇಕು. ಅವುಗಳ ಅಗಲ 3-4 ಮಿಲಿಮೀಟರ್. ಸಿಗುವ ಪಾಲು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್.

ಮೈಯ ಉಳಿದ ಭಾಗಗಳು ಬಂದ ರಕ್ತದಿಂದ ಸರಾಸರಿ ಕಾಲು ಭಾಗ ಆಕ್ಸಿಜನ್ ತೆಗೆದುಕೊಂಡು, ಮಿಕ್ಕಿದ್ದನ್ನು ವಾಪಸ್ ಕಳಿಸುತ್ತವೆ. ಕಾಲಿನ ಸ್ನಾಯುವಿಗೆ ಜಾಸ್ತಿ ಬೇಕಾದರೆ ಅದೇ ರಕ್ತದಿಂದ ಇನ್ನಷ್ಟು ಹೀರಬಹುದು. ಹೃದಯಕ್ಕೆ ಆ ಅನುಕೂಲ ಇಲ್ಲ. ನಾವು ಸುಮ್ನೆ ಕೂತಿರುವಾಗಲೇ ಅದು ಶೇ. 70ರಿಂದ 75ರಷ್ಟು ಆಕ್ಸಿಜನ್ ಹೀರಿಬಿಟ್ಟಿರುತ್ತದೆ. ಇನ್ನೂ ಬೇಕು ಅಂದರೆ ಜಾಸ್ತಿ ರಕ್ತವೇ ಬರಬೇಕು. ಆರೋಗ್ಯವಂತರಲ್ಲಿ ನಾಳಗಳು ಹಿಗ್ಗಿ, ನಾಲ್ಕೈದು ಪಟ್ಟು ರಕ್ತ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಆ ರಕ್ತ ಯಾವಾಗ ಬರುತ್ತದೆ? ಹೃದಯ ಜೋರಾಗಿ ಹಿಂಡಿ ರಕ್ತ ಚಿಮ್ಮಿಸುವಾಗ ಅನ್ನಿಸುತ್ತದೆ, ಅಲ್ವಾ? ಎಡಭಾಗದ ಮಟ್ಟಿಗೆ ಇದು ಉಲ್ಟಾ. ತೋಟಕ್ಕೆ ನೀರು ಬಿಡುವ ಪೈಪನ್ನು ತುಳಿದರೆ ನೀರು ನಿಲ್ಲುತ್ತದೆ. ಎಡ ಕೋಣೆಯ ಗೋಡೆ ಪ್ರತಿ ಬಡಿತದಲ್ಲೂ ತನ್ನೊಳಗಿನ ಪೈಪುಗಳನ್ನೇ ಹಾಗೆ ತುಳಿಯುತ್ತದೆ. ಕಾಲು ತೆಗೆದಾಗ, ಅಂದರೆ ಬಡಿತಗಳ ನಡುವೆ ಮಾಂಸ ಸಡಿಲವಾದಾಗ, ರಕ್ತ ಒಳಕ್ಕೆ ಹರಿಯುತ್ತದೆ. ಇಡೀ ಮೈಗೆ ರಕ್ತ ಕಳಿಸುವ ಕೋಣೆ ತನಗೆ ಬೇಕಾದದ್ದನ್ನು ಬಹುಪಾಲು ಈ ಬಿಡುವಿನಲ್ಲೇ ಪಡೆಯುತ್ತದೆ!

ಲೆಕ್ಕ ನೋಡಿ. ನಿಮಿಷಕ್ಕೆ 72 ಬಡಿತ ಇದ್ದಾಗ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡ್. ಅದರಲ್ಲಿ ಹಿಂಡುವುದಕ್ಕೆ 0.3, ಬಿಡುವು 0.5. ಮೆಟ್ಟಿಲು ಹತ್ತಿ ಬಡಿತ 150ಕ್ಕೆ ಹೋಯಿತು ಅನ್ನಿ. ಒಟ್ಟು ಸಿಗುವುದೇ 0.4 ಸೆಕೆಂಡ್. ಬಿಡುವು ಹೆಚ್ಚುಕಡಿಮೆ 0.2ಕ್ಕೆ ಇಳಿಯುತ್ತದೆ. ಕೆಲಸ ಜಾಸ್ತಿ ಆದ ಹೊತ್ತಿನಲ್ಲೇ ರಕ್ತ ಪಡೆಯುವ ಸಮಯ ಕಡಿಮೆ. ನಾಳ ಚೆನ್ನಾಗಿದ್ದರೆ ಆ ಚೂರು ಸಮಯದಲ್ಲೂ ಸಾಕಷ್ಟು ರಕ್ತ ನುಗ್ಗುತ್ತದೆ. ಬ್ಲಾಕ್ ಇದ್ದರೆ ಸಾಲದು. ಗೋಡೆಯ ಒಳಪದರಕ್ಕೆ ಮೊದಲು ಕೊರತೆ ಆಗುತ್ತದೆ, ಎದೆ ಬಿಗಿಯುತ್ತದೆ. ಕೂತು ಬಡಿತ ಇಳಿದರೆ ನೋವೂ ಇಳಿಯುತ್ತದೆ. ಅದೇ ಆಂಜೈನಾ.

ಹಾಗಾದರೆ ಇಸಿಜಿ ಯಾಕೆ ನಾರ್ಮಲ್? 1974ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು ನಾಯಿಗಳ ಹೃದಯದ ನಾಳವನ್ನು ಸ್ವಲ್ಪಸ್ವಲ್ಪವೇ ಬಿಗಿಸಿ ನೋಡಿದರು. ಅಗಲದಲ್ಲಿ ಶೇ. 85ರಷ್ಟು ಕಿರಿದಾಗುವ ತನಕ ವಿಶ್ರಾಂತಿಯಲ್ಲಿನ ಹರಿವು ಕಡಿಮೆಯಾಗಲಿಲ್ಲ. ಮುಂದಿನ ಸಣ್ಣ ಕವಲುಗಳು ಹಿಗ್ಗಿ ಸರಿದೂಗಿಸುತ್ತಿದ್ದವು. ಆದರೆ ಹರಿವು ಏರಬಲ್ಲ ಗರಿಷ್ಠ ಮಟ್ಟ ಅದಕ್ಕಿಂತ ಎಷ್ಟೋ ಮೊದಲೇ ಕುಸಿಯತೊಡಗಿತ್ತು. ಇಸಿಜಿ ತೆಗೆಯುವುದು ಮಲಗಿಸಿ, ನೋವಿಲ್ಲದಾಗ. ಆಗ ಕೊರತೆಯೇ ಇರುವುದಿಲ್ಲ, ಕಾಣುವುದು ಹೇಗೆ? ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಸುತ್ತಲೇ ಇಸಿಜಿ ನೋಡುವ ಟಿಎಂಟಿ ಮಾಡುತ್ತಾರೆ, ಇಲ್ಲವೇ ನಾಳಗಳನ್ನೇ ಸ್ಕ್ಯಾನ್‌ನಲ್ಲಿ ನೋಡುವ ಸಿಟಿ ಆಂಜಿಯೋ. ಯಾವುದು ಬೇಕು ಅಂತ ಹೃದ್ರೋಗ ತಜ್ಞರು ಹೇಳಲಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಬೀಟಾ ಬ್ಲಾಕರ್ ಮಾತ್ರೆ ಬಡಿತ ಇಳಿಸಿ ಬಿಡುವು ಹೆಚ್ಚಿಸುತ್ತದೆ. ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ಮುಖ್ಯವಾಗಿ ಹೃದಯದ ಹೊರೆ ಇಳಿಸುತ್ತದೆ. ಸ್ಟೆಂಟ್, ಬೈಪಾಸ್ ದಾರಿ ತೆರೆಯುತ್ತವೆ.

ಹಾರ್ಟ್ ಅಟ್ಯಾಕ್ ಕಥೆ ಬೇರೆ. ಸಣ್ಣ ಬ್ಲಾಕ್ ಕೂಡ ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಬಹುದು. ಹಾಗಾಗಿ ಟಿಎಂಟಿ ನಾರ್ಮಲ್ ಅಂದರೂ ಅಪಾಯವೇ ಇಲ್ಲ ಅಂತಲ್ಲ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ ಎದೆನೋವಿನ ಬದಲು ಉಬ್ಬಸ, ಸುಸ್ತು, ವಾಕರಿಕೆಯಷ್ಟೇ ಇರಬಹುದು. ಕೂತರೂ ನೋವು ಹೋಗದಿದ್ದರೆ, ಬೆವರು ಕಿತ್ತುಬಂದರೆ, ಕಾಯಬೇಡಿ, 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಹಲವು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯಾ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.