ಮುಳ್ಳು ಚುಚ್ಚಿದ ಜಾಗಕ್ಕೆ ದಾರಿ ತೋರಿಸುವವರು

ಕೇಳುಗರೇ, ನಮಸ್ಕಾರ.

ಕಾಲಿಗೆ ಜಾಲಿಮುಳ್ಳು ಚುಚ್ಚುತ್ತದೆ. ಕಿತ್ತು ಬಿಸಾಕಿ ಸುಮ್ನಾಗುತ್ತೇವೆ. ಮಾರನೇ ದಿನ ನೋಡಿದರೆ ಆ ಜಾಗ ಕೆಂಪಗೆ ಊದಿಕೊಂಡು, ತುದಿಯಲ್ಲಿ ಒಂದಿಷ್ಟು ಕೀವು. ಆ ಕೀವಿನಲ್ಲಿ ಬಹುಪಾಲು ಸತ್ತ ಬಿಳಿ ರಕ್ತಕಣಗಳೇ. ರಕ್ತದ ಜೊತೆ ಹರಿದು ಹೋಗುತ್ತಿದ್ದ ಅವಕ್ಕೆ ಇಲ್ಲೇ ಇಳಿಯಿರಿ ಅಂತ ಹೇಳಿದ್ದು ಯಾರು?

ಕೀಮೋಕೈನ್ ಎಂಬ ಪುಟ್ಟ ಪ್ರೋಟೀನುಗಳು. ನಮ್ಮ ಮೈಯಲ್ಲಿ ಇವು ಸುಮಾರು 50 ಬಗೆ. ಗಾಯದ ಸುತ್ತಲಿನ ಜೀವಕೋಶಗಳು ಇವನ್ನು ಹೊರಗೆ ಬಿಡುತ್ತವೆ. ಇವು ಹತ್ತಿರದ ರಕ್ತನಾಳದ ಒಳಗೋಡೆಗೂ ಹೋಗಿ ಅಂಟಿಕೊಳ್ಳುತ್ತವೆ. ಗೋಡೆಗುಂಟ ಉರುಳುತ್ತಾ ಬಂದ ಬಿಳಿಕಣಕ್ಕೆ ಇವು ತಗುಲಿದರೆ ಅದು ಗಕ್ಕನೆ ನಿಲ್ಲುತ್ತದೆ. ಸಂದಿಯಲ್ಲಿ ನುಸುಳಿ, ಕೀಮೋಕೈನ್ ಜಾಸ್ತಿ ಇರುವ ಕಡೆಗೆ ತೆವಳುತ್ತದೆ. ಬೀದಿಯಲ್ಲಿ ನಡೆಯುವಾಗ ಒಗ್ಗರಣೆ ಘಮ ಹಿಡಿದು ಯಾರ ಮನೆಯದು ಅಂತ ಹೇಳಿಬಿಡುತ್ತೇವೆ ಅಲ್ವಾ, ಹೆಚ್ಚು ಕಡಿಮೆ ಹಾಗೇ. 1987ರಲ್ಲಿ ಗುರುತಿಸಿದ ಇಂಟರ್‌ಲ್ಯೂಕಿನ್-8 ಇಂಥದ್ದೇ ಒಂದು.

ಗಾಯ ಇಲ್ಲದಾಗಲೂ ಇವಕ್ಕೆ ಬಿಡುವಿಲ್ಲ. ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳಿವೆ. ಅವು ಅಲ್ಲೇ ನೆಲೆ ನಿಲ್ಲುವುದಕ್ಕೆ ಸಿಎಕ್ಸ್‌ಸಿಎಲ್-12 ಎಂಬ ಕೀಮೋಕೈನ್ ಬೇಕು. ವೈದ್ಯರು ಈ ಹಿಡಿತವನ್ನೇ ಉಪಯೋಗಕ್ಕೆ ತಂದುಕೊಂಡಿದ್ದಾರೆ. ಪ್ಲೆರಿಕ್ಸಾಫಾರ್ ಎಂಬ ಔಷಧಿ ಹಿಡಿತ ಸಡಿಲಿಸುತ್ತದೆ, ಕಾಂಡಕೋಶಗಳು ರಕ್ತಕ್ಕೆ ಇಳಿಯುತ್ತವೆ. ಕಸಿ ಮಾಡಲು ಅವನ್ನು ರಕ್ತದಿಂದಲೇ ಸಂಗ್ರಹಿಸಬಹುದು.

ಇನ್ನು ರುಮಟಾಯ್ಡ್ ಸಂಧಿವಾತ. ಬೆರಳಿನ ಗಂಟಿನಲ್ಲಿ ಮುಳ್ಳೂ ಇಲ್ಲ, ಕ್ರಿಮಿಯೂ ಇಲ್ಲ. ಆದರೂ ಬಿಳಿಕಣಗಳಿಗೆ ಕೀಮೋಕೈನ್‌ಗಳ ಕರೆ ನಿಲ್ಲುವುದಿಲ್ಲ. ಕರೆ ಕೇಳಿ ಬಂದ ಕಣಗಳು ತಾವೂ ಕೀಮೋಕೈನ್ ಬಿಟ್ಟು ಇನ್ನಷ್ಟು ಜನರನ್ನು ಕರೆಯುತ್ತವೆ. ಗಂಟು ಊದುತ್ತದೆ, ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು, ಬರುಬರುತ್ತಾ ಮೂಳೆಯೂ ಸವೆಯುತ್ತದೆ.

ಹಾಗಾದರೆ ಕರೆಯನ್ನೇ ತಡೆದರಾಯಿತಲ್ಲ? ಅಷ್ಟು ಸುಲಭ ಇಲ್ಲ. ಕೀಮೋಕೈನ್ ಬಂದು ಕೂರುವ ಗ್ರಾಹಕಗಳು ಬಿಳಿಕಣದ ಮೈಮೇಲಿವೆ. ಒಂದೇ ಕಣದ ಮೇಲೆ ಹಲವು ಬಗೆ. ಒಂದನ್ನು ಮುಚ್ಚಿದರೆ ಇನ್ನೊಂದರಿಂದ ಕರೆ ಕೇಳಿಸುತ್ತದೆ. ಸಿಸಿಆರ್-5 ಎಂಬ ಗ್ರಾಹಕವನ್ನು ಮುಚ್ಚುವ ಮರಾವಿರಾಕ್ ಮಾತ್ರೆಯನ್ನು ಸಂಧಿವಾತಕ್ಕೆ ಕೊಟ್ಟು ನೋಡಿದರು. ಗುಣ ಕಾಣಲಿಲ್ಲ.

ತಮಾಷೆ ಅಂದರೆ, ಅದೇ ಮಾತ್ರೆ 2007ರಿಂದ ಎಚ್‌ಐವಿ ಚಿಕಿತ್ಸೆಯಲ್ಲಿದೆ. ಎಚ್‌ಐವಿ ಎಷ್ಟೋ ಸಲ ಜೀವಕೋಶದೊಳಗೆ ನುಗ್ಗುವುದು ಇದೇ ಸಿಸಿಆರ್-5 ಬಾಗಿಲಿನಿಂದ. ಕೆಲವು ವೈರಸ್ಸುಗಳು ಬೇರೆ ಬಾಗಿಲು ಹಿಡಿಯುತ್ತವೆ. ಅದಕ್ಕೇ ಈ ಮಾತ್ರೆ ಬರೆಯುವ ಮೊದಲು, ರೋಗಿಯ ಮೈಯಲ್ಲಿರುವ ವೈರಸ್ ಯಾವ ಬಾಗಿಲಿನದು ಅಂತ ಪರೀಕ್ಷೆ ಮಾಡಿಸುತ್ತಾರೆ.

ನಮಸ್ಕಾರ.