ಕಿಟ್ಟೆಲರ ಕೋಶದಲ್ಲಿ ಒಂದು ಅಕ್ಷರ

ಕೇಳುಗರಿಗೆ ನಮಸ್ಕಾರ.

ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಸುಮಾರು 70 ಸಾವಿರ ಪದ, 1,700ಕ್ಕೂ ಮಿಕ್ಕಿದ ಪುಟ. ಕಿಟ್ಟೆಲರನ್ನು ಹೊಗಳುವವರು ಸಾಮಾನ್ಯವಾಗಿ ಈ ಲೆಕ್ಕದಲ್ಲೇ ನಿಂತುಬಿಡುತ್ತಾರೆ. ಅವರ ಶ್ರದ್ಧೆ ಎಂಥದ್ದೆಂದು ತಿಳಿಯಲು 'ಬಾಳು' ಎಂಬ ಒಂದು ಮಾತು ಸಾಕು.

ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ. ಬದುಕು ಎಂಬುದಕ್ಕೆ ಬೇರೆ ಅಕ್ಷರ: ಬಾೞ್. ಬಾನುಲಿಯಲ್ಲಿ ಬರೆದು ತೋರಿಸಲಾಗದು. ತಮಿಳರು ತಮ್ಮ ನುಡಿಯ ಹೆಸರು ಹೇಳುವಾಗ ಕೊನೆಯಲ್ಲಿ ಕೇಳಿಸುತ್ತದಲ್ಲ, ಅದೇ ದನಿ. ನಾಲಿಗೆ ಹಿಂದಕ್ಕೆ ಮಡಚುತ್ತದೆ, ಅಂಗುಳಕ್ಕೆ ತಾಗುವುದಿಲ್ಲ. ಕನ್ನಡಿಗರ ಬಾಯಿಂದ ಅದು ಜಾರಿದ ಮೇಲೆ ಓಲೆ ನಕಲು ಮಾಡುವವರು ಎರಡಕ್ಕೂ 'ಳ'ವನ್ನೇ ಬರೆಯತೊಡಗಿದರು. ಒಂದೇ ಪ್ರತಿಯನ್ನು ನಂಬಿ ಕೋಶ ಕಟ್ಟಿದರೆ ಕತ್ತಿಯೂ ಬದುಕೂ ಒಂದೇ ಪದದಡಿ ಬೀಳುತ್ತವೆ.

ಇದನ್ನು ಬಿಡಿಸಲು ಮೂರು ಸಾಕ್ಷಿಗಳಿವೆ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ' ಎಂಬ ವ್ಯಾಕರಣದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿದ್ದಾನೆ. ಎರಡನೆಯದು ಪ್ರಾಸ: ಪದ್ಯದ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಎಚ್ಚರದ ಕವಿ ಅಲ್ಲಿ ಳ, ೞ ಬೆರೆಸುವುದಿಲ್ಲ. ಲಿಪಿಕಾರ ತಪ್ಪಿದರೂ ಪ್ರಾಸ ಹಿಡಿದುಕೊಡುತ್ತದೆ. ಮೂರನೆಯದು ನೆರೆಯ ನುಡಿ: ತಮಿಳಿನಲ್ಲಿ ಕತ್ತಿ ವಾಳ್, ಬಾಳುವುದು ವಾೞ್.

ಈಗ ಕಿಟ್ಟೆಲರ ಕೆಲಸದ ಸಾಲು ನೋಡಿ. 1872ರಲ್ಲಿ ಶಬ್ದಮಣಿದರ್ಪಣದ ಸಂಪಾದನೆ, 1875ರಲ್ಲಿ ನಾಗವರ್ಮನ ಛಂದೋಂಬುಧಿ. ವ್ಯಾಕರಣ, ಛಂದಸ್ಸು ಎರಡರಲ್ಲೂ ಕೈ ಪಳಗಿದ ಮೇಲೆಯೇ ನಿಘಂಟು ಅಚ್ಚಾದದ್ದು. ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನೂ ಕೊಟ್ಟರು, ಗಾದೆಗಳನ್ನೂ ಪೋಣಿಸಿದರು.

ಹೊಸದಾಗಿ ಈ ಕೋಶ ಬಿಚ್ಚುವವರಿಗೆ ಒಂದು ಮಾತು. 'ಹಾಲು' ಹುಡುಕಿದರೆ ಅದು ನಿಮ್ಮನ್ನು 'ಪಾಲ್'ಗೆ ಕಳಿಸುತ್ತದೆ. ಹಳೆಯ ಪಕಾರ ಹಕಾರವಾದ ಮಾತುಗಳಲ್ಲಿ ಎರಡೂ ಕಡೆ ನೋಡಿ. ಸಂಸ್ಕೃತ ಪದಗಳನ್ನು ಮಾತ್ರ ಕಿಟ್ಟೆಲರು ಧಾರಾಳವಾಗಿ ತುಂಬಿದ್ದಾರೆ. ಕನ್ನಡದಲ್ಲಿ ಯಾರೂ ಬಳಸದವೂ ಅಲ್ಲಿವೆ. ಇಷ್ಟು ಜಾಗ ಅವಕ್ಕೆ ಬೇಕಿರಲಿಲ್ಲ.

ನಿಘಂಟು ಮುಗಿದರೂ ಅವರು ಕೈಕಟ್ಟಿ ಕೂರಲಿಲ್ಲ. ಹಳೆ, ನಡು, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ 1903ರಲ್ಲಿ ಅಚ್ಚಾಯಿತು. ಅದೇ ಡಿಸೆಂಬರಿನಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ, 71ರ ವಯಸ್ಸಿನಲ್ಲಿ ಅವರು ತೀರಿಕೊಂಡರು.